ಅತಿನೇರಳೆ ದೀಪ ಹಾಕಿದವಳು ನಾನು

ಗಿರಿಜಾ ಸುಳ್ಳು ಹೇಳಿರಲಿಲ್ಲ. ಅದು ನನಗೆ ಗೊತ್ತಿತ್ತು — ಗೊತ್ತಿದ್ದೂ ಸುಮ್ಮನಿದ್ದೆ.

ನಾನು ತುರುವೇಕೆರೆಯವಳು, ಅವಳು ಹುಳಿಯಾರಿನವಳು. ಒಂದೇ ಪ್ರಯೋಗಾಲಯದಲ್ಲಿ ಪಿಎಚ್‌ಡಿಗೆ ಸೇರಿದ್ದೆವು. ತಮ್ಮ ತೋಟದ ತೆಂಗಿನ ಹೊಂಬಾಳೆಯಿಂದ ಇಳಿಸಿದ ನೀರಾದಲ್ಲಿ ಸಿಕ್ಕ ಯೀಸ್ಟನ್ನು ಅವಳು ಬೆಳೆಸುತ್ತಿದ್ದಳು. ಯೀಸ್ಟಿನ ಕೋಶದೊಳಗೆ, ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿದು ಕೂರಬಲ್ಲ ವಂಶವಾಹಿ ತುಣುಕುಗಳಿರುತ್ತವೆ. ಸಾಮಾನ್ಯವಾಗಿ ಅವು ತೆಪ್ಪಗಿರುತ್ತವೆ. ಗಿರಿಜಾ ಯೀಸ್ಟ್ ಬೆಳೆಸುತ್ತಿದ್ದ ತಟ್ಟೆಗಳಲ್ಲಿ ಮಾತ್ರ ಒಮ್ಮೆ ಸಿಕ್ಕಾಪಟ್ಟೆ ಜಿಗಿದಿದ್ದವು. ಯಾಕೆಂದು ಅವಳಿಗೂ ತಿಳಿಯದು. ಮತ್ತೆ ಮಾಡಿ ತೋರಿಸು ಎಂದರು ನಮ್ಮ ಗೈಡ್. ಎಷ್ಟು ಸಲ ಮಾಡಿದರೂ ಅವು ಕದಲಲಿಲ್ಲ.

"ಫಲಿತಾಂಶ ಹುಟ್ಟಿಸ್ಕೊಂಡು ಬರೋರಿಗೆ ಇಲ್ಲಿ ಜಾಗ ಇಲ್ಲಮ್ಮ," ಎಂದರು.

ಅವಳು ನನ್ನ ಮುಖ ನೋಡಿದಳು. ನಾನು — ತಲೆ ತಗ್ಗಿಸಿದೆ.

ಆದದ್ದು ಇಷ್ಟು. ತಟ್ಟೆಗಳ ಮುಚ್ಚಳ ತೆಗೆದು, ಒಣಗಲೆಂದು ಗಾಜಿನ ಕಪಾಟಿನಲ್ಲಿಟ್ಟು ಅವಳು ಊಟಕ್ಕೆ ಹೋಗಿದ್ದಳು. ನಾನು ಒಳಗೆ ನೋಡದೆ, ಆ ಕಪಾಟಿನ ಕ್ರಿಮಿ ಕೊಲ್ಲುವ ಅತಿನೇರಳೆ ದೀಪ ಹಾಕಿಬಿಟ್ಟೆ. ತಟ್ಟೆಗಳು ಕಂಡೊಡನೆ ಆರಿಸಿದೆ. ಬೈಸಿಕೊಳ್ಳುವ ಭಯಕ್ಕೆ ಬಾಯಿ ಬಿಡಲಿಲ್ಲ. ಆ ಬೆಳಕಿನ ಪೆಟ್ಟಿಗೆ ಕೆಲವು ಕೋಶಗಳು ಸತ್ತವು. ಬದುಕುಳಿದವುಗಳಲ್ಲಿ ಆ ತುಣುಕುಗಳು ಎಚ್ಚೆತ್ತವು.

ಅವಳು ಪಿಎಚ್‌ಡಿ ಬಿಟ್ಟು ಊರಿಗೆ ಹೋದ ಮೇಲೆ ಅದೇ ದೀಪವನ್ನು ಬೇಕೆಂದೇ ಹಾಕಿ ನೋಡಿದೆ. ಜಿಗಿದವು. ನನ್ನ ಪದವಿ, ಈ ಪ್ರಾಧ್ಯಾಪಕಿಯ ಕುರ್ಚಿ — ಎಲ್ಲ ಬಂದದ್ದು ಅದರಿಂದಲೇ. ಮೊದಲನೆಯದನ್ನು ಹೆದರಿಕೆ ಎನ್ನಬಹುದು. ಎರಡನೆಯದಕ್ಕೆ ಕಳ್ಳತನವೆಂಬ ಹೆಸರಲ್ಲದೆ ಬೇರೆ ಇಲ್ಲ.

ಹೋದ ತಿಂಗಳು ಹುಳಿಯಾರಿಗೆ ಹೋದೆ. ಗಿರಿಜಾ ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಾಳೆ. ಎಲ್ಲವನ್ನೂ ಹೇಳಿದೆ.

"ನಮ್ಮಪ್ಪ ಸಾಯೋಗಂಟ ಅದೊಂದೇ ಕೇಳೋರು ಕಣೇ — ಯಾಕವ್ವ ಹಂಗ್ ಮಾಡ್ದೆ ಅಂತ. ಒಂದೊಂದ್ಸಲ ನಂಗೇ, ಮಾಡಿದ್ನೇನೋ ಅನ್ನಿಸ್‌ಬುಡೋದು."

ನಾನು ಅಳತೊಡಗಿದೆ.

"ಅಳೋದ್ ಬುಡು. ಅವತ್ತು ಯಾರ್ ಮುಂದೆ ಸುಮ್ಕಿದ್ಯೋ, ಅವರ್ ಮುಂದೆ ಹೇಳು."

ಹೇಳಿದೆ — ವಿಭಾಗದ ಸಭೆಯಲ್ಲಿ, ಆ ಗೈಡ್ ಮುಂದಿನ ಸಾಲಿನಲ್ಲಿ ಕೂತಿದ್ದಾಗಲೇ. ಅವರು ಎದ್ದು ಹೊರಟುಹೋದರು. ನನ್ನ ಪ್ರಬಂಧವನ್ನು ಹಿಂಪಡೆಯಲು ನಾನೇ ಕೇಳಿಕೊಂಡಿದ್ದೇನೆ. ಈಗ ವಿಚಾರಣೆ. ಕೆಲಸ ಉಳಿಯಲಾರದು, ಉಳಿಸಿಕೊಳ್ಳಲು ಒಂದು ಮಾತನ್ನೂ ಆಡುವುದಿಲ್ಲ.

ಸೋಮವಾರ ವಿಚಾರಣೆಗೆ ಬರಹೇಳಿದ್ದಾರೆ. ಗಿರಿಜಾಳಿಗೆ ಫೋನ್ ಮಾಡಿ ತಿಳಿಸಿದೆ. "ಬತ್ತೀನಿ," ಎಂದಳು, ಅಷ್ಟೇ. ಕ್ಷಮಿಸಿದ್ದಾಳೆಂದು ನಾನು ತಿಳಿದುಕೊಂಡಿಲ್ಲ. ಅವಳು ಬಂದು ಕೂರಲಿ — ಅವಳ ಮುಖ ನೋಡಿಯೇ ಎಲ್ಲವನ್ನೂ ಹೇಳುತ್ತೇನೆ.