ಎಡಗಿವಿ ಮುಟ್ಟಿದ ಶಶಿಧರ

ಸಾವಿರದ ಒಂಬೈನೂರ ಅರವತ್ತೆರಡರಲ್ಲಿ ಶಿರಾದ ಸರ್ಕಾರಿ ಪ್ರಾಥಮಿಕ ಶಾಲೆಗೆ ಸೇರಿದ ಮೂವತ್ತೆಂಟು ಮಕ್ಕಳೂ ಒಂದೇ ದಿನ ಹುಟ್ಟಿದವರು. ಹೆತ್ತ ತಾಯಂದಿರಿಗೆ ಇದು ಗೊತ್ತಿರಲಿಲ್ಲ, ಹೆಡ್‌ಮಾಸ್ತರ್ ಗುರುಶಾಂತಪ್ಪನವರಿಗೆ ಗೊತ್ತಿತ್ತು. ಅವರು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಬಲಗೈಯನ್ನು ನೆತ್ತಿಯ ಮೇಲಿಂದ ಹಾಯಿಸಿ ಎಡಗಿವಿ ಮುಟ್ಟಲು ಹೇಳುತ್ತಿದ್ದರು. ಮುಟ್ಟಿದರೆ ವಯಸ್ಸಾಗಿದೆ ಎಂದರ್ಥ. ಮುಟ್ಟದವನು ಮುಂದಿನ ವರ್ಷ ಬರಬೇಕು. ಮುಟ್ಟಿದವರ ಹೆಸರಿನ ಮುಂದೆಲ್ಲ ಜೂನ್ ಒಂದು, ಐವತ್ತಾರು ಎಂದು ಬರೆದು ಸಹಿ ಹಾಕಿದರೆ ಮುಗಿಯಿತು, ಆಮೇಲೆ ಬ್ರಹ್ಮನೂ ತಿದ್ದುವಂತಿರಲಿಲ್ಲ.

ಹಾಗೆ ಹುಟ್ಟಿದವರಲ್ಲಿ ಶಶಿಧರನೂ ಒಬ್ಬ. ಅವನನ್ನು ಕಟ್ಟಿಕೊಂಡ ತಪ್ಪಿಗೆ ಲತಾಶ್ರೀ ಹದಿನೇಳು ವರ್ಷಗಳಿಂದ ಈ ಕಥೆ ಕೇಳುತ್ತಿದ್ದಳು. "ಬೇರೆ ಹುಡುಗ್ರೆಲ್ಲ ಒದ್ದಾಡ್ತಿದ್ರು ಕಣೆ. ನಾನು ಒಂದೇ ಏಟಿಗೆ ಮುಟ್ಟಿದೆ!" ಮನುಷ್ಯ ಆರನೇ ವಯಸ್ಸಿನಲ್ಲಿ ತನ್ನ ಕಿವಿಯನ್ನು ತಾನೇ ಮುಟ್ಟಿಕೊಂಡದ್ದನ್ನು ಮದುವೆಯ ವಯಸ್ಸಿನಲ್ಲೂ ಹೇಳಿಕೊಂಡು ತಿರುಗುತ್ತಾನೆಂದರೆ ನಡುವೆ ಏನೂ ಕಡಿದು ಕಟ್ಟೆ ಹಾಕಿಲ್ಲ ಎಂಬುದು ಲತಾಶ್ರೀಗೆ ಮದುವೆಯಾದ ಎರಡನೇ ತಿಂಗಳಲ್ಲೇ ಅರ್ಥವಾಗಿತ್ತು. ಆದರೆ ಆಗ ತಡವಾಗಿತ್ತು.

ಬೆಂಗಳೂರಿನ ಸರ್ಕಾರಿ ಕಾರ್ಖಾನೆಯೊಂದರ ಕಂಪ್ಯೂಟರ್ ವಿಭಾಗದಲ್ಲಿ ಹದಿನೇಳು ವರ್ಷ ಕೂತು ಕೋಬಾಲ್ ಎಂಬ ಹಳೇ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದವನು ಶಶಿಧರ. ಎರಡು ಸಾವಿರನೇ ಇಸವಿ ಬಂದೊಡನೆ ಹಳೇ ಕಂಪ್ಯೂಟರುಗಳಿಗೆಲ್ಲ ಹುಚ್ಚು ಹಿಡಿಯುತ್ತದೆಂದು ಪ್ರಪಂಚ ಹೆದರಿದ್ದ ಕಾಲ ಅದು. ಆ ಗಾಬರಿಯಲ್ಲಿ ಅಮೆರಿಕ ಇಂಥವರನ್ನೂ ಕರೆಸಿಕೊಂಡಿತು. ತೊಂಬತ್ತೆಂಟರಲ್ಲಿ ಹೆಂಡತಿ ಮತ್ತು ಮಗ ಸುದೀಪನೊಂದಿಗೆ ಶಿಕಾಗೋ ಪಕ್ಕದ ಸ್ಕೋಕಿಗೆ ಬಂದಿಳಿದ ಶಶಿಧರ, ತನ್ನನ್ನು ಕರೆದದ್ದು ಗಾಬರಿಯಲ್ಲ, ಪ್ರತಿಭೆ ಎಂದುಕೊಂಡ. ಎರಡು ಬೆಡ್‌ರೂಮಿನ ಅಪಾರ್ಟ್‌ಮೆಂಟಿನ ಸೋಫಾದಲ್ಲಿ ಕೂತು ಇಡೀ ದೇಶಕ್ಕೆ ಮಾರ್ಕ್ಸು ಹಾಕತೊಡಗಿದ. ಅಮೆರಿಕದವರಿಗೆ ಬಾಯಿಲೆಕ್ಕ ಬರುವುದಿಲ್ಲ. ಕನ್ನಡ ಕೂಟದವರ ಬಿಸಿಬೇಳೆಬಾತಿಗೆ ಹುಣಸೆಹಣ್ಣಿನ ಹದ ಗೊತ್ತಿಲ್ಲ. ಎಂಟು ಗಂಟೆಯ ಬಸ್ಸಿನ ಡ್ರೈವರನಿಗಂತೂ ಶಿಸ್ತೇ ಇಲ್ಲ.

ಎಲ್ಲರನ್ನೂ ಅಳೆಯಲು ಅವನ ಬಳಿ ಇದ್ದುದು ಒಂದೇ ಕೋಲು: ಶಾಲೆಯಲ್ಲಿ ಯಾರು ಯಾವ ಬೆಂಚು. ತಾನು ಮೊದಲ ಬೆಂಚು, ಮೇಲಾಗಿ ಮಾನಿಟರ್. ಮಾತಾಡಿದವರ ಹೆಸರನ್ನು ಬೋರ್ಡಿನ ಮೇಲೆ ಬರೆಯುವ ಅಧಿಕಾರ ಇದ್ದವನು. ಆ ಪಟ್ಟಿಯಲ್ಲಿ ದಿನವೂ ಮೊದಲು ಬರುತ್ತಿದ್ದ ಹೆಸರು ವಾಹಿದ್, ಸೈಕಲ್ ಶಾಪಿನ ಮಗ, ಕೊನೇ ಬೆಂಚು.

ಆ ಕೊನೇ ಬೆಂಚು ಎಂಬತ್ತೈದರಲ್ಲೇ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ಸೇರಿ, ಓದಿ, ಪಕ್ಕದ ವಾರೆನ್‌ನ ದೊಡ್ಡ ಕಾರ್ ಕಂಪನಿಯ ಟೆಕ್ನಿಕಲ್ ಸೆಂಟರಿನಲ್ಲಿ ಎಂಜಿನಿಯರ್ ಆಗಿ, ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ನಾಲ್ಕು ಬೆಡ್‌ರೂಮಿನ ಮನೆ ಮಾಡಿತ್ತು. ಶಶಿಧರನಿಗೆ ಇದು ಪ್ರಕೃತಿಯ ನಿಯಮವನ್ನೇ ಮೀರಿದ ವಿಷಯ. "ಏನೋ ಅದೃಷ್ಟ," ಎನ್ನುತ್ತಿದ್ದ. "ತ್ರಿಜ್ಯ ಯಾವುದು ವ್ಯಾಸ ಯಾವುದು ಗೊತ್ತಿರಲಿಲ್ಲ ಬಡ್ಡೀಮಗಂಗೆ. ಈಗ ಕಾರಿನ ಚಕ್ರ ಮಾಡ್ತಾನಂತೆ!"

ವಾಹಿದ್‌ಗೆ ಒಂದು ಪದ್ಧತಿ ಇತ್ತು. ಪ್ರತಿ ಜೂನ್ ಒಂದರಂದು ಬೆಳಿಗ್ಗೆ, ಅಮೆರಿಕದಲ್ಲಿದ್ದ ಶಿರಾ ಶಾಲೆಯ ಗೆಳೆಯರಿಗೆಲ್ಲ ಫೋನ್ ಮಾಡಿ ಹುಟ್ಟುಹಬ್ಬದ ಶುಭಾಶಯ ಹೇಳುತ್ತಿದ್ದ. ಡಲ್ಲಾಸಿನ ಶೇಷಗಿರಿ, ನ್ಯೂಜೆರ್ಸಿಯ ಪ್ರಕಾಶ, ಸ್ಕೋಕಿಯ ಶಶಿಧರ. ಮಿಷಿಗನ್ನಿನಲ್ಲಿ ಏಳಾದಾಗ ಸ್ಕೋಕಿಯಲ್ಲಿ ಇನ್ನೂ ಆರು ಎಂಬುದು ಅವನ ಮಂಡೆಗೆ ಒಂದು ವರ್ಷವೂ ಹೊಳೆಯಲಿಲ್ಲ. ಶಶಿಧರ ರಗ್ಗಿನೊಳಗಿಂದಲೇ "ಲಾಸ್ಟ್ ಬೆಂಚ್! ಗಡಿಯಾರ ನೋಡಕ್ಕೂ ಬರಲ್ಲ," ಎಂದು ಗೊಣಗಿ, ಎತ್ತದೆ ಮಲಗುತ್ತಿದ್ದ. ಆನ್ಸರಿಂಗ್ ಮಶೀನಿನಲ್ಲಿ ವಾಹಿದ್ ಅಪಸ್ವರದಲ್ಲಿ ಹ್ಯಾಪಿ ಬರ್ತ್‌ಡೇ ಪೂರ್ತಿ ಹಾಡಿ ಮುಗಿಸುತ್ತಿದ್ದ. ಲತಾಶ್ರೀಗೆ ಅದು ಇಷ್ಟ. ಆ ಮನೆಗೆ ಯಾವ ಲೆಕ್ಕಾಚಾರವೂ ಇಲ್ಲದೆ ಬರುತ್ತಿದ್ದ ಫೋನ್ ಅದೊಂದೇ.

ಎರಡು ಸಾವಿರನೇ ಇಸವಿಯಲ್ಲಿ ನಿದ್ದೆಗಣ್ಣಲ್ಲಿ ಎತ್ತಿಬಿಟ್ಟ ಶಶಿಧರ ಒಂದೇ ಸಮನೆ ಹರಿಹಾಯ್ದ. "ನಾವ್ಯಾರೂ ಇವತ್ತು ಹುಟ್ಟಿಲ್ಲ ಕಣೋ, ಅದು ಮೇಷ್ಟ್ರು ಬರ್ಕೊಂಡಿದ್ದು! ಮನೆಗೆ ಹೊತ್ತಲ್ಲದ ಹೊತ್ತಲ್ಲಿ ಫೋನ್ ಮಾಡ್ಬೇಡ. ಮಾಡ್ಲೇಬೇಕು ಅಂದ್ರೆ ಆಫೀಸಿಗೆ ಮಾಡು." ನಂಬರನ್ನೂ ಕೊಟ್ಟ. ತನಗೆ ಆಫೀಸಿದೆ, ಅಲ್ಲಿ ತನ್ನದೇ ಮೇಜು, ಅದರ ಮೇಲೆ ತನ್ನದೇ ಫೋನಿದೆ ಎಂದು ತಿಳಿಯಲಿ ಎಂದು.

ಮರುವರ್ಷ ಮೇ ತಿಂಗಳಲ್ಲಿ ಆ ಮೇಜು ಹೋಯಿತು. ಕಂಪ್ಯೂಟರುಗಳಿಗೆ ಹುಚ್ಚು ಹಿಡಿಯದೆ ಹದಿನೇಳು ತಿಂಗಳು ಕಳೆದಿತ್ತು, ಕೋಬಾಲ್‌ನವರು ಇನ್ನು ಯಾಕೆ ಎಂದು ಕಂಪನಿಗೆ ಕೊನೆಗೂ ಹೊಳೆದಿತ್ತು. ಶಶಿಧರ ಒಂದು ರಟ್ಟಿನ ಡಬ್ಬಿಯಲ್ಲಿ ಗಣಪತಿ ಮೂರ್ತಿ, ಸ್ಟೇಪ್ಲರು ಮತ್ತು ಕಾಫಿ ಲೋಟ ಹಾಕಿಕೊಂಡು ಮನೆಗೆ ಬಂದ. ಕೆಲಸದ ಬೆನ್ನಿಗೇ ವೀಸಾ ಹೋಗುತ್ತದೆ. ಬೇಗ ಬೇರೆ ಕಂಪನಿ ಸಿಗದಿದ್ದರೆ ಮೂವರಿಗೂ ಟಿಕೆಟ್ ತೆಗೆಸಿ ಎಂದ ವಕೀಲ. ಬೆಂಗಳೂರಿನ ಕೆಲಸಕ್ಕೆ ರಾಜೀನಾಮೆ ಕೊಟ್ಟಾಗಿತ್ತು. ಒಂಬತ್ತನೇ ಕ್ಲಾಸಿನ ಸುದೀಪ ಕನ್ನಡ ಅಕ್ಷರಗಳನ್ನು ಮರೆತಾಗಿತ್ತು. ಲತಾಶ್ರೀಗೆ ಅನ್ನ ಸೇರಲಿಲ್ಲ.

"ವಾಹಿದ್ ಅವ್ರಿಗೆ ಒಂದ್ ಫೋನ್ ಮಾಡಿ," ಎಂದಳು.

"ಮಾನಿಟರ್ ಆಗಿದ್ದೋನು ಲಾಸ್ಟ್ ಬೆಂಚಿನವನ ಹತ್ರ ಕೆಲಸ ಕೇಳ್ಬೇಕಾ? ಜೂನ್ ಒಂದಕ್ಕೆ ಅವನೇ ಮಾಡ್ತಾನೆ, ಇರು. ಮಾತಿನ ಮಧ್ಯ ಅವನೇ ನನ್ನ ಕರೆಯೋ ಹಾಗ್ ಮಾಡ್ತೀನಿ."

ಜೂನ್ ಒಂದು ಶುಕ್ರವಾರ. ಶಶಿಧರ ಐದೂವರೆಗೇ ಎದ್ದು, ಶೇವ್ ಮಾಡಿ, ಇಸ್ತ್ರಿ ಶರ್ಟು ಹಾಕಿ ಫೋನಿನ ಪಕ್ಕ ಕೂತ. ಆರಾಯಿತು. ಏಳಾಯಿತು. ಏಳೂವರೆಗೆ ಫೋನ್ ಬಡಿದುಕೊಂಡಾಗ ಗಂಟಲು ಸರಿಮಾಡಿಕೊಂಡು "ಏನಪ್ಪಾ ವಾಹಿದ್!" ಎಂದ. ಆ ಕಡೆಯ ಹೆಣ್ಣುಮಗಳು ಕಾರ್ಪೆಟ್ ತೊಳೆಸಿಕೊಳ್ಳುತ್ತೀರಾ ಎಂದು ಕೇಳಿದಳು. ಹತ್ತಾಗುವಷ್ಟರಲ್ಲಿ ಅವನು ವಾಹಿದನ ವಂಶವನ್ನೇ ಜಾಲಾಡಿದ್ದ. "ದುಡ್ಡು ಬಂತಲ್ಲ, ಕೊಬ್ಬು. ಹಳೇ ಸ್ನೇಹಿತರು ಯಾಕೆ ಬೇಕು?" ಎರಡು ವರ್ಷ ಆ ಫೋನನ್ನು ಎತ್ತದೆ ಮಲಗಿ, ಮೂರನೇ ವರ್ಷ ಎತ್ತಿ ಬೈದ ಮನುಷ್ಯನ ಬಾಯಲ್ಲಿ ಈ ಮಾತು ಕೇಳಿ ಲತಾಶ್ರೀಗೆ ಮೈ ಉರಿದುಹೋಯಿತು. ಅವಳೇ ವೆಸ್ಟ್ ಬ್ಲೂಮ್‌ಫೀಲ್ಡ್‌ಗೆ ಫೋನ್ ಮಾಡಿದಳು. ವಾಹಿದನ ಹೆಂಡತಿ ಖಲೀದಾ ಎತ್ತಿದಳು.

"ನಾಳೆ ಆ ಕಡೆ ಬರ್ತಾ ಇದೀವಿ, ಹಾಗೇ ನಿಮ್ಮನ್ನೂ ನೋಡ್ಕೊಂಡು..." ಎಂದು ಲತಾಶ್ರೀ ತಡವರಿಸಿದಳು.

"ಅಯ್ಯೋ ಬನ್ನಿ, ಊಟಕ್ಕೇ ಬನ್ನಿ. ಹನ್ನೆರಡಕ್ಕೆಲ್ಲ ಬಂದ್ಬಿಡಿ," ಎಂದಳು ಖಲೀದಾ, ಏನೊಂದೂ ಕೇಳದೆ.

ಸುದೀಪನನ್ನು ಅವನ ಗೆಳೆಯನ ಮನೆಯಲ್ಲಿ ಬಿಟ್ಟು ಶನಿವಾರ ಬೆಳಿಗ್ಗೆ ಹೊರಟರು. ಸುಮಾರು ಮುನ್ನೂರು ಮೈಲಿ. ದಾರಿಯಲ್ಲಿ ಲತಾಶ್ರೀ, "ಅಲ್ಲಿ ಒಂದ್ ಗಂಟೆ ಮುಂದೆ ಅಲ್ವಾ? ವಾಚ್ ತಿರುಗಿಸ್ಕೊಳ್ಳಿ," ಎಂದಳು. "ನನ್ ವಾಚ್ ಸರಿಯಾಗಿದೆ," ಎಂದ ಶಶಿಧರ. ಸರಿಯಾಗಿಯೇ ಇತ್ತು, ಸ್ಕೋಕಿಗೆ. ವಾಹಿದನ ಮನೆ ತಲುಪಿದಾಗ ಅಲ್ಲಿ ಒಂದೂಕಾಲಾಗಿತ್ತು. ವಾಹಿದ್, ಖಲೀದಾ ಮತ್ತು ಹದಿನಾರರ ಮಗಳು ಹಾದಿಯಾ ಹಸಿದುಕೊಂಡು ಕಾದಿದ್ದರು. ಯಾರೂ ಗಡಿಯಾರದ ಮಾತೆತ್ತಲಿಲ್ಲ.

ಅಡುಗೆಮನೆಗೆ ಹೋದ ಲತಾಶ್ರೀ ನೋಡಿದಳು: ಒಲೆಯ ಮೇಲಿದ್ದ ಕುಕ್ಕರಿನಿಂದ ಬೆಲೆಚೀಟಿ ಇನ್ನೂ ಬಿಟ್ಟಿರಲಿಲ್ಲ. ತಮ್ಮ ಮನೆಯ ಮಾಂಸದಡುಗೆಯ ಪಾತ್ರೆ ಇವರಿಗೆ ಬೇಡವೆಂದು ಖಲೀದಾ ಹಿಂದಿನ ದಿನವೇ ಹೋಗಿ ಕುಕ್ಕರು, ಬಾಣಲೆ, ಸೌಟು ಎಲ್ಲವನ್ನೂ ಹೊಸದಾಗಿ ತಂದಿದ್ದಳು. ಲತಾಶ್ರೀಗೆ ಕಣ್ಣು ತುಂಬಿತು. ಶಶಿಧರ ಎಣ್ಣೆಗಾಯಿ ಮೂರು ಸಲ ಬಡಿಸಿಕೊಂಡು, "ಉಪ್ಪು ಒಂದ್ ಕೈ ಮುಂದಾಯ್ತು," ಎಂದ.

ಊಟದುದ್ದಕ್ಕೂ ಅವನ ಬಾಯಿಗೆ ಬಿಡುವಿರಲಿಲ್ಲ. ಮೂರು ಕಂಪನಿಗಳು ಬೆನ್ನು ಬಿದ್ದಿವೆಯಂತೆ. ಬಿಟ್ಟು ಹೋಗುತ್ತೇನೆಂದರೆ ಮ್ಯಾನೇಜರ್ ಕಣ್ಣಲ್ಲಿ ನೀರು ಹಾಕುತ್ತಾನಂತೆ. "ನನ್ ಮೇಜಿನ ಫೋನ್ ನೋಡು, ಒಂದ್ ನಿಮಿಷ ಸುಮ್ನಿರಲ್ಲ," ಎಂದ. ವಾಹಿದ್ ಕೇಳುತ್ತ ಕೂತಿದ್ದ. "ಹೌದಾ? ಸಂತೋಷ ಕಣೋ. ಇನ್ನೊಂದ್ ಸ್ವಲ್ಪ ಅನ್ನ ಹಾಕ್ಕೋ," ಎಂದ. ಲತಾಶ್ರೀ ತಟ್ಟೆಯಿಂದ ತಲೆ ಎತ್ತಲಿಲ್ಲ. ಕೆಲಸ ಕೇಳಲು ಮುನ್ನೂರು ಮೈಲಿ ಬಂದ ಗಂಡ, ಕೆಲಸ ಇದೆ ಎಂದು ಸಾಧಿಸುತ್ತ ಕೂತಿದ್ದ. ಆ ಬಾಯನ್ನು ಹೊಲಿದುಬಿಡಬೇಕು ಎನಿಸಿತು ಅವಳಿಗೆ.

ಮಾತು ಸಹಜವಾಗಿ ಎಡಗಿವಿಗೆ ಬಂತು. "ಒಂದೇ ಏಟಿಗೆ ಮುಟ್ಟಿದೆ ನಾನು," ಎಂದು ಶಶಿಧರ ಹಾದಿಯಾಗೆ ಶುರು ಮಾಡಿದ. ವಾಹಿದ್ ಹೊಟ್ಟೆ ಹಿಡಿದುಕೊಂಡು ನಕ್ಕ.

"ಎಲ್ಲಿ ಮುಟ್ಟಿದ್ಯೋ! ಎಟುಕ್ಲೇ ಇಲ್ಲ ಇವನಿಗೆ. ಮುಂದಿನ ವರ್ಷ ಬಾ ಅಂದ್ಬಿಡ್ತಾರೆ ಅಂತ ಗೊಳೋ ಅಂತ ಅಳ್ತಿದ್ದ. ನಾನು ಹಿಂದೆ ನಿಂತಿದ್ದೆ. ಮೇಷ್ಟ್ರು ಆ ಕಡೆ ನೋಡಿದಾಗ ಇವನ ತಲೆ ಹಿಡಿದು ಹಿಂಗೆ ಬಲಕ್ಕೆ ವಾಲಿಸ್ಬಿಟ್ಟೆ. ಕಿವಿ ತಾನಾಗೇ ಬೆರಳಿಗೆ ಬಂತು. ಪಾಸ್ ಅಂದ್ರು ಮೇಷ್ಟ್ರು."

"ನೋ ವೇ, ಅಂಕಲ್!" ಎಂದು ಹಾದಿಯಾ ಮೇಜು ಬಡಿದಳು.

"ಶುದ್ಧ ಸುಳ್ಳು," ಎಂದ ಶಶಿಧರ. ಅವನ ಮುಖ ಕೆಂಪಾಗಿತ್ತು. ಹದಿನೇಳು ವರ್ಷಗಳ ಕಥೆಯಲ್ಲಿ ಇಲ್ಲದಿದ್ದ ಎರಡು ಪುಟ್ಟ ಕೈಗಳು ಲತಾಶ್ರೀಗೆ ಈಗ ಕಂಡವು. ನಿಜ ಯಾವುದು ಎಂದು ಅವಳು ಯಾರನ್ನೂ ಕೇಳಬೇಕಾಗಿರಲಿಲ್ಲ.

ನಾಲ್ಕು ಗಂಟೆಗೆ ಹೊರಟರು. ಶಶಿಧರ ಕೊನೆಗೂ ಬಾಯಿಬಿಡಲಿಲ್ಲ. ಇನ್ನು ಟಿಕೆಟ್ಟೇ ಗತಿ ಎಂದುಕೊಂಡು ಲತಾಶ್ರೀ ಸೀಟಿನಲ್ಲಿ ಕುಸಿದಳು. ಆಗ ವಾಹಿದ್ ಕಾರಿನ ಕಿಟಕಿಗೆ ಬಗ್ಗಿದ. ಕೈಯಲ್ಲೊಂದು ಕಂದು ಬಣ್ಣದ ಲಕೋಟೆ ಇತ್ತು.

"ಈ ಸಲ ಫೋನ್ ಬರ್ಲಿಲ್ಲ ಅಂತ ಬೇಜಾರಾಯ್ತೇನೋ? ಮಾಡಿದ್ದೆ ಕಣೋ ನಿನ್ನೆ. ನೀನೇ ಹೇಳಿದ್ಯಲ್ಲ, ಆಫೀಸಿಗೇ ಮಾಡ್ದೆ." ಅಷ್ಟು ಹೇಳಿ ಲಕೋಟೆಯನ್ನು ಲತಾಶ್ರೀಯ ಮಡಿಲಲ್ಲಿಟ್ಟ. "ಹುಷಾರಾಗಿ ಡ್ರೈವ್ ಮಾಡು," ಎಂದು ಕಾರಿನ ಮೇಲೆ ಮೆಲ್ಲಗೆ ತಟ್ಟಿ ಒಳಗೆ ಹೋದ.

ಅಂದರೆ ಶುಕ್ರವಾರವೇ ಅವನಿಗೆ ಗೊತ್ತಿತ್ತು. ಶಶಿಧರ ಇಲ್ಲಿ ಕೆಲಸದಲ್ಲಿಲ್ಲ ಎಂದು ಆಫೀಸಿನವರು ಹೇಳಿದ್ದರು. ಎಲ್ಲ ಗೊತ್ತಿದ್ದೂ ಅಳುವ ಮ್ಯಾನೇಜರನ ಕಥೆ ಕೇಳುತ್ತ, ಅನ್ನ ಬಡಿಸುತ್ತ ಕೂತಿದ್ದ.

ಲತಾಶ್ರೀ ಲಕೋಟೆ ಒಡೆದಳು. ವಾಹಿದನ ಟೆಕ್ನಿಕಲ್ ಸೆಂಟರಿಗೆ ಜನರನ್ನು ಕೊಡುವ ಕಂಪನಿಯ ಅರ್ಜಿ, ವೀಸಾ ವರ್ಗಾವಣೆಯ ಫಾರ್ಮಿನ ಸಮೇತ. ಬಿಡಿಭಾಗಗಳ ಹಳೇ ದಾಖಲೆ ನೋಡಿಕೊಳ್ಳಲು ಕೋಬಾಲ್ ಬಲ್ಲವರು ಬೇಕಿತ್ತಂತೆ. ಹೆಸರು, ಓದಿದ ಶಾಲೆ, ಊರು, ಶಿಫಾರಸು, ಎಲ್ಲವನ್ನೂ ವಾಹಿದ್ ತುಂಬಿಟ್ಟಿದ್ದ. ಹುಟ್ಟಿದ ದಿನವನ್ನಂತೂ ಅವನು ಯಾರನ್ನೂ ಕೇಳುವ ಅಗತ್ಯವೇ ಇರಲಿಲ್ಲ. ಜೂನ್ ಒಂದು, ಐವತ್ತಾರು. ಪಾಸ್‌ಪೋರ್ಟ್ ನಂಬರಿನ ಜಾಗ ಮತ್ತು ಸಹಿಯ ಜಾಗ ಮಾತ್ರ ಖಾಲಿ.

ಹತ್ತು ಮೈಲಿ ಕಳೆದ ಮೇಲೆ ಶಶಿಧರ ಓರೆಗಣ್ಣಲ್ಲಿ ಆ ಕಾಗದ ನೋಡಿ, "ನೀಲಿ ಇಂಕಲ್ಲಿ ತುಂಬಿದಾನೆ. ಇಂಥದನ್ನೆಲ್ಲ ಕಪ್ಪು ಇಂಕಲ್ಲಿ ತುಂಬ್ಬೇಕು," ಎಂದ.

"ಮುಂದಿನ ಎಕ್ಸಿಟ್‌ನಲ್ಲಿ ಕಾರ್ ನಿಲ್ಸಿ," ಎಂದಳು ಲತಾಶ್ರೀ. ಆ ದನಿಯನ್ನು ಅವನು ಹಿಂದೆಂದೂ ಕೇಳಿರಲಿಲ್ಲ. ನಿಲ್ಲಿಸಿದ. ಅವಳು ಪರ್ಸಿನಿಂದ ಪೆನ್ನು ತೆಗೆದು ಕೊಟ್ಟಳು. "ಬಾಯ್ ಮುಚ್ಕೊಂಡು ಸಹಿ ಹಾಕಿ." ಸ್ಟೀರಿಂಗಿನ ಮೇಲಿಟ್ಟುಕೊಂಡು ಹಾಕಿದ.

ಜುಲೈಯಲ್ಲಿ ಕೆಲಸ ಸಿಕ್ಕಿ ವಾರೆನ್‌ನಲ್ಲಿ ಮನೆ ಮಾಡಿದರು. ಸುದೀಪ ಹೊಸ ಶಾಲೆಗೆ ಸೇರಿದ. ಶಶಿಧರನಿಗೆ ಆ ಚಳಿಗಾಲದಲ್ಲಿ ಹಿಮ ಗೋರಿ ಬಲಭುಜ ಹಿಡಿದುಕೊಂಡಿತು. ದಿನಾ ಬೆಳಿಗ್ಗೆ ಕೋಟಿನೊಳಗೆ ಆ ಕೈಯನ್ನು ತೂರಿಸುವುದು ಲತಾಶ್ರೀಯ ಪಾಲಿಗೆ ಬಂತು. ಮೈ ಬಗ್ಗದಿದ್ದರೂ ನಾಲಿಗೆ ಮೊದಲಿನಂತೆಯೇ ಹೊರಳುತ್ತಿತ್ತು. "ವಾಹಿದ್‌ಗೆ ಕೋಬಾಲ್ ಗೊತ್ತಿರೋರು ಒಬ್ರೂ ಸಿಗ್ಲಿಲ್ಲ. ಕಾಲಿಗೆ ಬೀಳೋದೊಂದ್ ಬಾಕಿ. ಪಾಪ, ಹಳೇ ಸ್ನೇಹಿತ ಅಂತ ಒಪ್ಕೊಂಡೆ," ಎಂದು ಸಿಕ್ಕವರಿಗೆಲ್ಲ ಹೇಳುತ್ತಿದ್ದ.

ಮರುವರ್ಷದ ಜೂನ್ ಒಂದರಂದು ವಾಹಿದನ ಮನೆಯಲ್ಲಿ ಇಬ್ಬರಿಗೂ ಸೇರಿ ಒಂದೇ ಕೇಕು. ಹತ್ತಿಪ್ಪತ್ತು ಜನ ಸೇರಿದ್ದರು. ಶಶಿಧರ ಅಲ್ಲೂ, ವಾಹಿದನ ಎದುರಿಗೇ, ಅದೇ ಕಥೆ ಹೇಳಿದ. ವಾಹಿದ್ ತಲೆಯಾಡಿಸಿ, "ಹೌದೌದು, ಯಾರೂ ಸಿಗ್ತಿರ್ಲಿಲ್ಲ," ಎಂದ. ಲತಾಶ್ರೀಗೆ ನಾಚಿಕೆಯಿಂದ ನೆಲವೇ ಬಾಯಿಬಿಡಬಾರದೇ ಎನಿಸಿತು.

"ಅಂಕಲ್, ಡೂ ದಿ ಇಯರ್ ಥಿಂಗ್!" ಎಂದು ಹಾದಿಯಾ ಕೂಗಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಶಶಿಧರ ಗತ್ತಿನಿಂದ ನಡುಮನೆಯ ಮಧ್ಯೆ ನಿಂತು ಬಲಗೈ ಎತ್ತಿದ. ಕೈ ನೆತ್ತಿಯವರೆಗೆ ಹೋಗಿ ನಿಂತುಬಿಟ್ಟಿತು. ಹಲ್ಲು ಕಚ್ಚಿ ಎಳೆದ. ಬೆರಳಿಗೂ ಕಿವಿಗೂ ನಡುವೆ ಇನ್ನೂ ನಾಲ್ಕು ಬೆರಳು ಅಂತರ. ಹಣೆಯಲ್ಲಿ ಬೆವರೊಡೆಯಿತು. ಜನ ನಗುವುದೋ ಬೇಡವೋ ಎಂದು ನೋಡುತ್ತಿದ್ದರು.

ವಾಹಿದ್ ಕೇಕಿನ ಚಾಕು ಕೆಳಗಿಟ್ಟು ಹಿಂದಿನಿಂದ ಬಂದ. ಎರಡೂ ಕೈಯಲ್ಲಿ ಶಶಿಧರನ ತಲೆ ಹಿಡಿದು ಮೆಲ್ಲಗೆ ಬಲಕ್ಕೆ ವಾಲಿಸಿದ. ಕಿವಿ ಬೆರಳಿಗೆ ಬಂತು.

"ಪಾಸ್!" ಎಂದ ವಾಹಿದ್.

ಶಶಿಧರ ಅವನ ಕೈಗಳನ್ನು ಕೊಡವಿ, ಅಂಗಿ ಸರಿಮಾಡಿಕೊಂಡು ಎಲ್ಲರ ಕಡೆ ತಿರುಗಿದ.

"ನೋಡಿದ್ರಾ? ಒಂದೇ ಏಟಿಗೆ ಮುಟ್ಟಿದೆ."