ಯಾವ ವಚನವನ್ನೂ ಬಿಡದೆ ಓದಿಸಿದ ಗುರುಗಳು

ಸತ್ಯವೇದವನ್ನು ವಿವರಿಸಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಅದನ್ನು ಇನ್ನೊಬ್ಬರಿಂದ ನಿಜವಾಗಿ ಓದಿಸಬಲ್ಲವರು ಕೆಲವರೇ. ಆ ಕೆಲವರ ಮೊದಲ ಸಾಲಿನಲ್ಲಿ, ಈ ತಿಂಗಳು ದೇವಶಾಸ್ತ್ರ ಕಾಲೇಜಿನ ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ಗುರುಗಳು ನಿಲ್ಲುತ್ತಾರೆ. ಹೀಗೆಂದರೆ ಅವರು ಸಂಕೋಚಪಟ್ಟು ಕನ್ನಡಕ ತೆಗೆದು ಒರೆಸಲು ತೊಡಗುತ್ತಾರೆ ಎಂಬುದು ಗೊತ್ತಿದ್ದೂ ಈ ಮಾತನ್ನು ಮೊದಲಿಗೇ ಬರೆದಿಡಬೇಕಾಗಿದೆ.

ಅವರು ಕಾಲೇಜಿಗೆ ಬಂದ ಹೊಸತರಲ್ಲಿ ಎಲ್ಲರಂತೆಯೇ ಪಾಠ ಮಾಡುತ್ತಿದ್ದರು. ಕೈತುಂಬ ಭಾಷ್ಯಗ್ರಂಥಗಳು, ಹಲಗೆ ತುಂಬ ಟಿಪ್ಪಣಿ. ಒಂದು ಪರೀಕ್ಷೆಯಲ್ಲಿ, ಮನೆಬಿಟ್ಟು ಹೋಗಿ ಮರಳಿದ ಕಿರಿಯ ಮಗನ ಸಾಮ್ಯಕಥೆಯ ಬಗ್ಗೆ ವಿದ್ಯಾರ್ಥಿಗಳು ಪಂಡಿತರ ಅಭಿಪ್ರಾಯಗಳನ್ನೆಲ್ಲ ಚಾಚೂತಪ್ಪದೆ ಬರೆದರು. ಆದರೆ ತಮ್ಮ ಮರಳಿದ ಸಂಭ್ರಮಕ್ಕೆ ಮನೆಯೊಳಗೆ ನುಡಿಯುತ್ತಿದ್ದ ವಾದ್ಯದ ಸದ್ದು ಕೇಳಿದಾಗ ಹಿರಿಯ ಮಗ ಎಲ್ಲಿಂದ ಬರುತ್ತಿದ್ದ ಎಂಬ ಸಣ್ಣ ಪ್ರಶ್ನೆಗೆ ತರಗತಿಯೇ ತಡವರಿಸಿತು. ಹೊಲದಿಂದ, ದಿನವಿಡೀ ದುಡಿದು, ಎಂದು ಒಬ್ಬರೂ ಬರೆದಿರಲಿಲ್ಲ. ಗುರುಗಳು ಆ ಸಂಜೆ ಮನೆಗೆ ಹೋಗಿ ಹೆಂಡತಿಯ ಮುಂದೆ, “ಟಿಪ್ಪಣಿ ಓದಿಸಿದೆ ಕಣೇ, ಕಥೆ ಓದಿಸಲೇ ಇಲ್ಲ” ಎಂದರಂತೆ.

ಅಂದಿನಿಂದ ಅವರ ವಿಧಾನ ಬದಲಾಯಿತು. ಯಾವ ಭಾಗವೇ ಆಗಲಿ, ಮೂರು ಸಲ ಓದಬೇಕು. ಮೊದಲ ಸಲ ಪುಸ್ತಕ ಮುಚ್ಚಿಟ್ಟು ಬರೀ ಕೇಳುವುದು. ಎರಡನೆಯ ಸಲ ಯಾರು ಎಲ್ಲಿ ನಿಂತಿದ್ದಾರೆ, ಯಾರು ಮಾತಾಡುತ್ತಾರೆ, ಯಾರು ಸುಮ್ಮನಿದ್ದಾರೆ ಎಂದು ಗಮನಿಸುವುದು. ಮೂರನೆಯ ಸಲ ಅವರಲ್ಲೊಬ್ಬರ ಜಾಗದಲ್ಲಿ ತಾನು ನಿಂತು ಓದುವುದು. ಭಾಷ್ಯಗಳಿಗೆ ಅಪ್ಪಣೆ ಸಿಗುತ್ತಿದ್ದುದು ಇದೆಲ್ಲ ಮುಗಿದ ಮೇಲೆ. ಇದರ ಜೊತೆಗೆ ಒಂದು ಕಟ್ಟುನಿಟ್ಟು: ಸಾಲಾಗಿ ಓದಬೇಕು, ಯಾವುದನ್ನೂ ಹಾರಿಸಬಾರದು. “ಇಷ್ಟವಾದದ್ದನ್ನೇ ಆರಿಸ್ಕೊಂಡು ಓದಿದರೆ ನಮ್ಮನ್ನ ನಾವೇ ಓದ್ಕೊಂಡ ಹಾಗೆ” ಎನ್ನುತ್ತಿದ್ದರು.

ಗುರುವಾರ ಸಂಜೆ ದೇವಾಲಯದ ಪಕ್ಕದ ಕೋಣೆಯಲ್ಲಿ ಅವರು ನಡೆಸಿದ ವಾಚನ ಕೂಟಕ್ಕೂ ಇದೇ ನಿಯಮ. ಅಲ್ಲಿ ಅವರಿಗೆ ಆಮೆ ಮೇಷ್ಟ್ರು ಎಂದು ಹೆಸರಿಟ್ಟವರು ಕೂಟಕ್ಕೆ ಬರುತ್ತಿದ್ದ ದರ್ಜಿಯೊಬ್ಬರು. “ಸಾರ್, ಈ ಲೆಕ್ಕದಲ್ಲಿ ಕೊನೇ ಪುಸ್ತಕ ಪ್ರಕಟನೆ ಮುಟ್ಟೋ ಹೊತ್ತಿಗೆ ನಾವೆಲ್ಲ ಮೇಲೇ ಹೋಗಿರ್ತೀವಿ. ಅಲ್ಲೇ ನೇರವಾಗಿ ಕೇಳ್ಕೋಬಹುದು” ಎಂದು ಅವರು ಕಾಲೆಳೆದರೆ, “ಅಲ್ಲೂ ಮೂರು ಸಲ ಕೇಳಿಸ್ತೀನಿ, ಇರಿ” ಎಂಬ ಉತ್ತರ ಬರುತ್ತಿತ್ತು. ಗೋಡೆಗೆ ಬಣ್ಣ ಹೊಡೆಯುವ ಸಹೋದರರೊಬ್ಬರಿಗೆ ಓದು ತಡವರಿಸುತ್ತಿತ್ತು. ಗುರುಗಳು ಕುರ್ಚಿಗಳನ್ನು ಹೇಗೋ ಹಿಂದುಮುಂದು ಮಾಡಿ, ಚಿಕ್ಕ ವಚನವೇ ಅವರ ಸರದಿಗೆ ಬರುವಂತೆ ನೋಡಿಕೊಳ್ಳುತ್ತಿದ್ದರು. ಇದು ಆಕಸ್ಮಿಕವಲ್ಲವೆಂದು ನಮಗೆ ತಿಳಿಯಲು ಬಹಳ ಕಾಲವೇ ಹಿಡಿಯಿತು.

ಆ ಕೂಟದಲ್ಲಿ ಆಸ್ಪತ್ರೆಯ ನರ್ಸ್ ಒಬ್ಬರಿದ್ದರು. ಅವರ ಒಬ್ಬಳೇ ಮಗಳು ಜ್ವರದಿಂದ ಮನೆಯಲ್ಲಿ ಮಲಗಿದ್ದ ದಿನ, ಕೆಲಸ ಮುಗಿಸಿ ಹೊರಟವರನ್ನು ವಾರ್ಡಿನ ಇನ್ನೊಂದು ಮಗುವಿನ ಅವಸ್ಥೆ ತಡೆದು ನಿಲ್ಲಿಸಿತು. ಆ ಮಗು ಉಳಿಯಿತು. ಇವರು ಮನೆ ಮುಟ್ಟುವಷ್ಟರಲ್ಲಿ ಮಗಳು ಇರಲಿಲ್ಲ. ಆಮೇಲೆ ಅವರು ವಾರ್ಡಿಗೂ ಕಾಲಿಡಲಿಲ್ಲ, ಕೂಟಕ್ಕೂ ಬರಲಿಲ್ಲ. ಕೆಲಸವನ್ನೇ ಬಿಡುವ ನಿರ್ಧಾರಕ್ಕೆ ಬಂದಿದ್ದರು. ಗುರುಗಳು ಸಮಾಧಾನ ಹೇಳುವವರನ್ನು ಯಾರನ್ನೂ ಅವರ ಮನೆಗೆ ಕಳಿಸಲಿಲ್ಲ. ಗುರುಪತ್ನಿ ಮಾತ್ರ ಆಗಾಗ ಹೋಗಿ, ಒಣಗಿದ ಬಟ್ಟೆ ಮಡಚಿಟ್ಟು, ಹೆಚ್ಚು ಮಾತಿಲ್ಲದೆ ಮರಳುತ್ತಿದ್ದರು.

ಒಂದು ಗುರುವಾರ ಆ ತಾಯಿ ಹೇಳದೆ ಕೇಳದೆ ಬಂದು ಬಾಗಿಲ ಬಳಿ ಕುಳಿತರು. ಅಂದು ಸಾಲಿನಲ್ಲಿ ಬರಬೇಕಾಗಿದ್ದದ್ದು ಮಾರ್ಕನ ಸುವಾರ್ತೆಯಲ್ಲಿ ಸಭಾಮಂದಿರದ ಅಧಿಕಾರಿಯ ಮಗಳು ಸತ್ತು ಬದುಕಿದ ಪ್ರಸಂಗ. ಗುರುಗಳು ಅವರನ್ನು ನೋಡಿದರು, ಪುಟವನ್ನು ನೋಡಿದರು, ಮೆಲ್ಲಗೆ ಹಾಳೆ ತಿರುವಿ ಮುಂದಿನ ಅಧ್ಯಾಯ ತೆಗೆಯಲು ಹೇಳಿದರು. ಎಲ್ಲರಿಗೂ ಅರ್ಥವಾಯಿತು. ಎಲ್ಲರೂ ಹಾಳೆ ತಿರುವಿದರು.

“ಹೋದ ವಾರ ಎಲ್ಲಿಗೆ ನಿಲ್ಸಿದ್ರಿ ಸಾರ್?” ಎಂದರು ನರ್ಸ್.

ಗುರುಗಳು ಬಾಯಿ ತೆರೆಯುವ ಮೊದಲೇ, ಸುಳ್ಳು ಬಾರದ ಆ ಬಣ್ಣ ಹೊಡೆಯುವ ಸಹೋದರರು ಬಾಯಿಬಿಟ್ಟರು. “ಆ ಅಧಿಕಾರಿ ಮಗಳ ಕಥೆ ಹತ್ತಿರಕ್ಕೆ, ಸಿಸ್ಟರ್.”

“ಮತ್ತೆ ಅದನ್ನ ಯಾಕೆ ಬಿಟ್ರಿ?”

“ನಿಮಗೆ ನೋವಾಗುತ್ತೆ ಅಂತ ಬಿಟ್ಟೆ ತಾಯಿ” ಎಂದರು ಗುರುಗಳು.

“ನೋವು ಮನೇಲೂ ಇದೆ. ಅದನ್ನೇನು ಹಾಳೆ ತಿರುವಿ ಮುಚ್ಚೋಕಾಗುತ್ತಾ? ನಾನು ಕಂಡ ಕೂಡಲೇ ಎಲ್ಲರೂ ಮಗಳ ಮಾತು ಬಿಟ್ಟು ಬೇರೆ ಮಾತಾಡ್ತಾರೆ. ಇಲ್ಲಿ ಏನನ್ನೂ ಬಿಡಲ್ಲ ಅಂತ ತಾನೇ ಬಂದೆ.”

ಗುರುಗಳು ಎದ್ದು ನಿಂತರು. “ತಪ್ಪಾಯ್ತು” ಎಂದು ಹಾಳೆಯನ್ನು ಹಿಂದಕ್ಕೆ ತಿರುಗಿಸಿದರು. ಎಂದಿನಂತೆ ಎರಡು ಓದು ನಡೆಯಿತು. ಮೂರನೆಯದಕ್ಕೆ ಯಾರ ಜಾಗದಲ್ಲಿ ನಿಲ್ಲುತ್ತೀರಿ ಎಂದು ಆ ತಾಯಿಯನ್ನು ಕೇಳಿದರು.

“ಆ ಅಪ್ಪನ ಜಾಗದಲ್ಲಿ. ಮಗಳನ್ನ ಉಳಿಸಿ ಅಂತ ಅವನು ಕರ್ಕೊಂಡು ಹೋಗ್ತಿದ್ರೆ, ದಾರೀಲಿ ಯೇಸುಸ್ವಾಮಿ ರೋಗದ ಹೆಂಗಸೊಬ್ಬಳಿಗೋಸ್ಕರ ನಿಂತುಬಿಡ್ತಾರೆ. ಅಷ್ಟರಲ್ಲಿ ಮಗಳು ಹೋದಳು ಅಂತ ಸುದ್ದಿ ಬರುತ್ತೆ. ನಾನೂ ಹಾಗೇ ಇನ್ಯಾರಿಗೋ ಅಂತ ನಿಂತೆ. ಆದ್ರೆ ಅಲ್ಲಿ ಹುಡುಗಿ ಎದ್ದಳು, ನನ್ನವಳು ಏಳಲಿಲ್ಲ. ಇದಕ್ಕೇನು ಹೇಳ್ತೀರಿ?”

ಬೆನ್ನ ಹಿಂದೆ ಕಪಾಟು ತುಂಬ ಭಾಷ್ಯಗಳಿದ್ದವು. ಗುರುಗಳು ಅತ್ತ ತಿರುಗಲಿಲ್ಲ. “ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲಮ್ಮ. ಕಟ್ಟಿ ಹೇಳಿದರೆ ಸುಳ್ಳಾಗುತ್ತೆ. ಪುಟದಲ್ಲಿ ಇರೋದೊಂದನ್ನ ಮಾತ್ರ ಹೇಳ್ತೀನಿ. ಆ ಹೆಂಗಸಿಗೋಸ್ಕರ ನಿಂತದ್ದನ್ನ ಇಲ್ಲಿ ಯಾರೂ ತಪ್ಪು ಅಂದಿಲ್ಲ. ಆ ಅಪ್ಪನೂ ಅಂದಿಲ್ಲ.”

ಆ ತಾಯಿ ಸಾಲುಗಳ ಮೇಲೆ ಬೆರಳಿಟ್ಟು ಮತ್ತೊಮ್ಮೆ, ಸದ್ದಿಲ್ಲದೆ, ಕೊನೆಯವರೆಗೂ ಓದಿದರು. “ಹೌದು, ಅಂದಿಲ್ಲ” ಎಂದರು. ಆಮೇಲೆ ಅತ್ತರು. ಯಾರೂ ಹಾಡು ಎತ್ತಲಿಲ್ಲ, ಪ್ರಾರ್ಥನೆಗೆ ಅವಸರಿಸಲಿಲ್ಲ. ಗುರುಪತ್ನಿ ಟೀ ತಂದು ಎಲ್ಲರಿಗಿಂತ ಮೊದಲು ಅವರ ಕೈಗೆ ಕೊಟ್ಟರು. ಮುಂದಿನ ವಾರ ನರ್ಸ್ ಕೂಟಕ್ಕೆ ಬಂದದ್ದು ಸಮವಸ್ತ್ರದಲ್ಲಿ, ನೇರವಾಗಿ ವಾರ್ಡಿನಿಂದ.

ಗುರುಗಳ ಪಾಂಡಿತ್ಯವನ್ನು, ಅವರು ರೂಪಿಸಿದ ಸಭಾಪಾಲಕರ ತಲೆಮಾರುಗಳನ್ನು ಈ ಅಭಿನಂದನಾ ಸಂಪುಟದ ಇತರ ಲೇಖಕರು ನನಗಿಂತ ಚೆನ್ನಾಗಿ ಬಣ್ಣಿಸಿದ್ದಾರೆ. ಗ್ರಂಥವನ್ನು ಆಳವಾಗಿ ಓದುವುದೆಂದರೆ ಅದರ ಮುಂದೆ ಏನನ್ನೂ ಮುಚ್ಚಿಡದೆ ಕೂರುವುದು ಎಂದು ಆ ಸಂಜೆ ಅವರು ಕಲಿಸಿದರು. ಕಲಿಸುತ್ತಲೇ ತಾವೂ ಕಲಿತರು. ಅವರ ಬಗೆಗಿನ ಗೌರವ ನಮ್ಮಲ್ಲಿ ಇಮ್ಮಡಿಯಾದದ್ದು ಆ ಎರಡನೆಯದರಿಂದ.

ಬೀಳ್ಕೊಡುಗೆಯ ಮಾತು ಬಂದಾಗ ಹಾರ, ಶಾಲುಗಳ ಚರ್ಚೆಯ ನಡುವೆ ಆ ನರ್ಸ್ ಗುರುಗಳಿಗೆ ಹೇಳಿದರು: “ಮನೇಲಿ ಸುಮ್ನೆ ಕೂತು ಅಮ್ಮಾವ್ರ ತಲೆ ತಿನ್ಬೇಡಿ ಸಾರ್. ಆಸ್ಪತ್ರೆಗೆ ಬನ್ನಿ. ನಮ್ಮ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕಾಯ್ತಾ ಕೂತಿರೋ ಅಪ್ಪ ಅಮ್ಮಂದಿರು ತುಂಬಾ ಜನ ಇದ್ದಾರೆ. ಓದಿ ಅಂದವರಿಗೆ ಓದಿ, ಬೇಡ ಅಂದವರ ಪಕ್ಕ ಕೂತಿರಿ.”

ಗುರುಗಳು ಆಗಲೇ ಹೋಗತೊಡಗಿದ್ದಾರೆ. ಬೆಳಗಿನ ಹೊತ್ತು, ಕಾಲೇಜಿಗೆ ಮುಂಚೆ, ಆ ಬೆಂಚಿನ ತುದಿಯಲ್ಲಿ, ಪುಸ್ತಕವನ್ನು ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕುಳಿತಿರುತ್ತಾರೆ. ಅಲ್ಲಿ ಕಾಯುವವರು ಎಂದೂ ಇರುತ್ತಾರೆ. ಅವರ ಪಕ್ಕದಲ್ಲಿ ಇನ್ನೂ ಬಹುಕಾಲ ಕೂರುವಷ್ಟು ಆಯುಸ್ಸನ್ನೂ ಆರೋಗ್ಯವನ್ನೂ ದೇವರು ನಮ್ಮ ಗುರುಗಳಿಗೆ ಕೊಡಲಿ.