ಬೊಂಬಾಯಿ ವಿಮಾನದಲ್ಲಿ ಆಸಿಯಮ್ಮ

ಕಾಪುವಿನ ಆಸಿಯಮ್ಮನ ಕಸುಬು ಬಾಣಂತಿಯರ ಆರೈಕೆ. ಮೂವತ್ತು ವರ್ಷಗಳಿಂದ ಎರಡೂ ಕಾಲು ನೀಡಿ ಕುಳಿತು, ಅವುಗಳ ಮೇಲೆ ಹಸುಗೂಸುಗಳನ್ನು ಮಲಗಿಸಿ ಎಣ್ಣೆ ತಿಕ್ಕಿ ಮೀಯಿಸಿದವಳು. ಮಗು ಹಸಿವಿಗೆ ಅಳುತ್ತದೋ ಹಟಕ್ಕೆ ಅಳುತ್ತದೋ ಎಂಬುದನ್ನು ಅಂಗಳದಲ್ಲಿ ನಿಂತೇ ಹೇಳುತ್ತಿದ್ದಳು.

1981ರಲ್ಲಿ ನೆರೆಮನೆಯ ಖೈರುನ್ನಿಸಾ ಐದು ತಿಂಗಳ ಗಂಡುಮಗುವಿನೊಂದಿಗೆ ಬೊಂಬಾಯಿಗೆ ಹೊರಟಳು. ಗಂಡ ಇದ್ರೀಸ್ ಅಲ್ಲಿಗೆ ಬಂದು ಇಬ್ಬರನ್ನೂ ದುಬೈಗೆ ಕರೆದೊಯ್ಯುವವನಿದ್ದ. ಒಬ್ಬಳೇ ವಿಮಾನ ಹತ್ತಲು ಅವಳಿಗೆ ಧೈರ್ಯವಿಲ್ಲ. ಉಡುಪಿಯಿಂದಾಚೆ ಹೋಗಿರದ ಆಸಿಯಮ್ಮನೇ ಜತೆಗೆ ಹೊರಟಳು.

ಬಜಪೆಯಿಂದ ವಿಮಾನ ಮೇಲೇರಿದ್ದೇ ತಡ, ಮಗು ಕಿರುಚತೊಡಗಿತು. ಗಿಲಕಿಗೂ ಜಗ್ಗಲಿಲ್ಲ, ಗಗನಸಖಿ ಕೊಟ್ಟ ಚಾಕಲೇಟಿನ ಹೊಳೆಯುವ ಕಾಗದಕ್ಕೂ ಜಗ್ಗಲಿಲ್ಲ. ಮುಂದಿನ ಸೀಟಿನಲ್ಲಿದ್ದ ಮಣಿಪಾಲದ ಲೀಲಾಧರ ಎಂಬವರು ಪೇಪರು ಮಡಚಿ ತಿರುಗಿದರು.

“ಎಂತ ಇದು? ಮಗುವಿಗೆ ಹೊಟ್ಟೆಗೆ ಏನೂ ಕೊಡಲಿಲ್ವಾ?”

“ಹೊಟ್ಟೆ ಅಲ್ಲ, ಕಿವಿ” ಎಂದಳು ಆಸಿಯಮ್ಮ. ಅವಳ ಕಿವಿಯೊಳಗೂ ಯಾರೋ ಹತ್ತಿ ತುರುಕಿದಂತಾಗಿತ್ತು. ಎಂಜಲು ನುಂಗಿದಾಗ ಅದು ಬಿಟ್ಟಿತ್ತು. ಮಗುವಿಗೂ ನುಂಗಲು ಏನಾದರೂ ಬೇಕಲ್ಲ. “ಹಾಲು ಕೊಡು ಮಗಳೇ” ಎಂದಳು.

“ಇಷ್ಟು ಜನರ ಎದುರು ಹೇಗೆ?” ಖೈರುನ್ನಿಸಾ ಮುಖ ತಗ್ಗಿಸಿದಳು.

ಆಸಿಯಮ್ಮ ತನ್ನ ಶಾಲಿನ ಒಂದು ತುದಿಯನ್ನು ಲೀಲಾಧರರ ಕೈಗೆ ಕೊಟ್ಟಳು. “ಇದನ್ನು ಸ್ವಲ್ಪ ಎತ್ತಿ ಹಿಡಿಯಿರಿ. ಹಿಂದೆ ನೋಡಬೇಡಿ.” ಅವರು ತಲೆಯ ಮೇಲಿಂದ ಕೈ ಚಾಚಿ ಹಿಡಿದರು.

ಮಗು ಕುಡಿಯಿತು, ಮಲಗಿತು. ಆದರೆ ಅಳು ನಿಲ್ಲಲಿಲ್ಲ.

“ಇನ್ನೂ ಆಗಲಿಲ್ವಾ?” ಕೈ ಸೋತ ಲೀಲಾಧರರು ಕೇಳಿದರು.

“ನಮ್ಮದು ಮಲಗಿ ಆಯಿತು. ಇದು ಬೇರೆ ಯಾರದೋ.”

ಆಚೆ ಸೀಟಿನಲ್ಲಿ ಕಾರ್ಕಳದ ಬ್ಯಾಪ್ಟಿಸ್ಟ್ ಎಂಬ ಹಿರಿಯರು ನಾಚಿ ಕೆಂಪಾಗಿ ಕುಳಿತಿದ್ದರು. ತೊಡೆಯ ಮೇಲೆ ಬಟ್ಟೆ ಮುಚ್ಚಿದ ಪಂಜರ. ಒಳಗೆ ಒಂದು ಮೈನಾ. ಅದನ್ನು ಒಯ್ಯಲು ಒಪ್ಪಿಗೆಯ ಚೀಟಿ ಅವರ ಬಳಿ ಇತ್ತು, ಅಳುವುದಕ್ಕೆ ಇರಲಿಲ್ಲ. ರಜೆಗೆ ಬಂದಿದ್ದ ಮೊಮ್ಮಗಳಿಂದ ಅದು ಅಳು ಕಲಿತಿತ್ತು. ಈಗ ಜೋಡಿ ಸಿಕ್ಕಿದ ಹುರುಪಿನಲ್ಲಿ ಅದು ಉಸಿರು ಕಟ್ಟಿ ಬಿಕ್ಕಳಿಸುತ್ತಿತ್ತು. ಬಿಕ್ಕಳಿಸಿ ಬಿಕ್ಕಳಿಸಿ, ಕೊನೆಗೆ ಹೆಂಗಸಿನ ದನಿಯಲ್ಲಿ ತನ್ನನ್ನು ತಾನೇ ಸಮಾಧಾನಪಡಿಸಿಕೊಂಡಿತು: “ರಡನಾಕಾ ಬಾಯೆ, ರಡನಾಕಾ.”

ಕೊಂಕಣಿ ಬಲ್ಲವರು ಬಾರದವರಿಗೆ ಹೇಳಿದರು: ಅಳಬೇಡ ಮಗೂ ಎನ್ನುತ್ತಿದೆ. ನಗು ಸೀಟಿನಿಂದ ಸೀಟಿಗೆ ಹಬ್ಬಿತು. ಲೀಲಾಧರರಂತೂ ಶಾಲು ಬಿಟ್ಟು ಹೊಟ್ಟೆ ಹಿಡಿದುಕೊಂಡರು.

ಬ್ಯಾಪ್ಟಿಸ್ಟರು ಮಾತ್ರ ನಗಲಿಲ್ಲ. ಬಟ್ಟೆಯನ್ನು ಇನ್ನಷ್ಟು ಬಿಗಿದರು.

“ಯಾರ ದನಿ ಅದು ಪೊರ್ಬುಗಳೇ?” ಊರಲ್ಲಿ ಕ್ರೈಸ್ತ ಹಿರಿಯರನ್ನು ಕರೆಯುವಂತೆ ಕರೆದು ಆಸಿಯಮ್ಮ ಮೆಲ್ಲಗೆ ಕೇಳಿದಳು.

“ನನ್ನ ಹೆಂಡತಿ ಗ್ಲ್ಯಾಡಿಸಳದ್ದು. ತೀರಿಹೋಗಿ ನಾಲ್ಕು ತಿಂಗಳಾಯಿತು. ಮಗಳು ಪ್ಯಾಟ್ರಿಶಿಯಾ ಬೊಂಬಾಯಿಯಲ್ಲಿ ಉಂಟು, ಅವಳೂ ಒಮ್ಮೆ ಕೇಳಲಿ ಅಂತ ಒಯ್ಯುತ್ತಿದ್ದೇನೆ.”

ಆಸಿಯಮ್ಮ ಪಂಜರದ ಬಟ್ಟೆಯನ್ನು ಅರ್ಧ ಸರಿಸಿದಳು. ಬುತ್ತಿಯಿಂದ ಬಾಳೆಹಣ್ಣು ಮುರಿದು ಒಳಗೆ ಚಾಚಿದಳು. ಹಕ್ಕಿ ತಿಂದು, ಮತ್ತೊಮ್ಮೆ ಹೇಳಿತು. ಈ ಸಲ ಬ್ಯಾಪ್ಟಿಸ್ಟರೂ ನಕ್ಕರು, ಕಣ್ಣೊರೆಸಿಕೊಂಡರು.

ಬೊಂಬಾಯಿಯಲ್ಲಿ ತಾಯಿ-ಮಗು ಇಬ್ಬರನ್ನೂ ಇದ್ರೀಸನಿಗೆ ಒಪ್ಪಿಸಿ, ಆಸಿಯಮ್ಮ ಬಸ್ಸಿನಲ್ಲಿ ಊರಿಗೆ ಮರಳಿದಳು. ಆಮೇಲೆ ಗಲ್ಫಿಗೆ ಹೊರಟ ತಾಯಂದಿರು ದೂರದ ಬೆಳ್ಮಣ್‌ನಿಂದಲೂ ಅವಳನ್ನು ಕೇಳಿಕೊಂಡು ಬರತೊಡಗಿದರು. ಒಂದೇ ಸಲ ವಿಮಾನ ಹತ್ತಿದವಳು ಹತ್ತು ಸಲ ಹತ್ತಿದವರಿಗೆ ಬುದ್ಧಿ ಹೇಳಿದಳು.

ಮರುವರ್ಷ ಕ್ರಿಸ್ಮಸ್ಸಿಗೆ ಬ್ಯಾಪ್ಟಿಸ್ಟರು ತಿಂಡಿಯ ಡಬ್ಬಿ ಹಿಡಿದು ಅವಳ ಮನೆ ಹುಡುಕಿಕೊಂಡು ಬಂದರು.

“ಮೈನಾ ಹೇಗುಂಟು?”

“ಅದನ್ನು ಕೇಳಬೇಡಿ. ಮಗಳ ಮನೆಯಲ್ಲೇ ಉಳಿಯಿತು, ಈಗ ಕುಕ್ಕರಿನ ಸಿಳ್ಳೆ ಕಲಿತಿದೆ. ಅನ್ನ ಬೆಂದಿತೆಂದು ಪ್ಯಾಟ್ರಿಶಿಯಾ ಒಲೆ ಆರಿಸಿಬಿಡುತ್ತಾಳೆ. ಮನೆಯಲ್ಲಿ ದಿನಾ ಅರೆಬೆಂದ ಅನ್ನ.”

“ಮತ್ತೆ ಆ ಮಾತು?”

“ಅದೂ ಉಂಟು. ಸಂಜೆ ಹೊತ್ತು ಹೇಳುತ್ತದೆ.”

ಆಸಿಯಮ್ಮ ಅವರಿಗೆ ಚಹಾ ಕಾಸಿ ಕೊಟ್ಟಳು. ಅವರು ಹೋದ ಮೇಲೆ ಎಣ್ಣೆಯ ಬಾಟ್ಲಿ ಎತ್ತಿಕೊಂಡು, ಹತ್ತು ದಿನದ ಕೂಸೊಂದನ್ನು ಮೀಯಿಸಲು ಪಕ್ಕದ ಓಣಿಗೆ ನಡೆದಳು.